ಸುತ್ತು ಮುಗಿಯುವವರೆಗೆ

ಬಾಗಲಕೋಟೆ
19 ನವೆಂಬರ್ 2024

ಪೂಜ್ಯ ಮಾಮಾ ಅವರಿಗೆ, ಭುವನೇಶ್ವರಿಯ ನಮಸ್ಕಾರ.

ಬಾದಾಮಿಯ ಪಂದ್ಯ ಮುಗಿದ ಮೇಲೆ ನೀವು ನನ್ನ ಮುಖ ನೋಡದೆ ಟಂಟಂ ಆಟೋ ಏರಿದಿರಿ. ಮೇಳದ ಹುಡುಗರೂ ಡೊಳ್ಳುಗಳನ್ನು ಹೇರಿಕೊಂಡು ನಿಮ್ಮ ಹಿಂದೆಯೇ ಹೋದರು. ಚಂದವ್ವ ಅತ್ತಿ ನಮಗೆಲ್ಲ ಕಟ್ಟಿ ಕಳುಹಿಸಿದ್ದ ರೊಟ್ಟಿಯ ಗಂಟು ಮೈದಾನದ ಬೇಲಿಯಲ್ಲಿ ತೂಗುತ್ತಲೇ ಉಳಿಯಿತು. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಅತ್ತಿಗೆ ಹೇಳಿದರೆ ಅವರು ನಿಮ್ಮ ಕಿವಿಯ ಬಳಿ ಕೂಗಿ ಹೇಳಬೇಕು, ಇದು ಓಣಿಗೆಲ್ಲ ಕೇಳುವಂತೆ ಕೂಗುವ ಸಂಗತಿಯಲ್ಲ. ಹಾಸ್ಟೆಲಿಗೆ ಬಂದ ವರ್ಷದಿಂದ ನಡೆದು ಬಂದ ಹಾಗೆ ಬರೆಯುತ್ತಿದ್ದೇನೆ.

ನಿಮಗೆ ಅಂದು ನಡೆದದ್ದನ್ನು ಯಾರೂ ಸರಿಯಾಗಿ ಹೇಳಿರಲಾರರು. ಎರಡೂ ಕಡೆ ಗೋಲಾಗಿರಲಿಲ್ಲ. ಆಟ ಮುಗಿಯುತ್ತ ಬಂದಿತ್ತು. ಊರು ಇಳಕಲ್ಲಾದರೂ ನಮ್ಮ ಹುನಗುಂದ ತಂಡದಲ್ಲಿ ಆಡುವ ದೌಲತಬಿ ನಡುವಿನಿಂದ ಚೆಂಡು ಕೊಟ್ಟಳು, ನಾನು ಕೊನೆಯ ಡಿಫೆಂಡರನ್ನು ದಾಟಿದೆ, ಎದುರಿಗೆ ಕೀಪರ್ ಒಬ್ಬಳೇ ಉಳಿದಳು. ಇನ್ನೇನು ಗೋಲಾಯಿತೆಂದು ನೀವು ಕೋಲೆತ್ತಿ, ಬೀರಪ್ಪನ ಹೆಸರು ಹೇಳಿ, ಎಂದಿನಂತೆ ಕಣ್ಣು ಮುಚ್ಚಿ ಡೊಳ್ಳಿನ ಮೇಲೆ ಗೆಲುವಿನ ಸುತ್ತು ಶುರು ಮಾಡಿದಿರಿ. ಚೆಂಡು ಕಂಬದ ಹೊರಗೆ ಹೋಯಿತು. ನಿಮ್ಮ ಕಣ್ಣು ಮುಚ್ಚಿಯೇ ಇತ್ತು. ಹಿಡಿದ ಸುತ್ತನ್ನು ನಡುವೆ ಬಿಡಬಾರದೆಂದು ಮೇಳದವರೂ ಬಡಿಯುತ್ತಲೇ ಹೋದರು. ನಮ್ಮ ಡೊಳ್ಳಿಗೆ ಎದುರಾಳಿ ಬಾದಾಮಿಯ ಹುಡುಗಿಯರು ಕುಣಿದರು. ಸುತ್ತು ಮುಗಿಸಿ ಕಣ್ಣು ತೆರೆದಾಗ ನಿಮಗೆ ಕಂಡದ್ದು ನಗುವ ಜನ. ನೀವೂ ನಕ್ಕು, "ನನ್ನ ಸೊಸಿ ಆಕಿ" ಎಂದು ಕೂಗಿದಿರಿ. ಆ ಕೂಗು ನನ್ನವರೆಗೆ ಬಂತು.

ಕ್ಷಮೆ ಕೇಳಲು ಬರೆದಿಲ್ಲ. ಮುಂಚೂಣಿಯಲ್ಲಿ ಆಡುವವರು ಅವಕಾಶ ಕಳೆದುಕೊಳ್ಳುವುದು ಹೇಗೆಂದು ಮೇಳದವರಿಗೆ ನೀವೇ ಹೇಳಬೇಕು, ಅದಕ್ಕಾಗಿ ಬರೆಯುತ್ತಿದ್ದೇನೆ. ಹೊರಗೆ ಕುಳಿತವರಿಗೆ ಗೋಲು ಊರ ಅಗಸಿ ಬಾಗಿಲಿನಷ್ಟು ಅಗಲವಾಗಿ ಕಾಣುತ್ತದೆ. ಓಡಿ ಬರುವವಳ ಎದುರಿಗೆ ಕೀಪರ್ ಒಂದೇ ಹೆಜ್ಜೆ ಮುಂದೆ ಬಂದರೆ ಸಾಕು, ಅದೇ ಅಗಸಿ ಕಿಂಡಿಯಾಗುತ್ತದೆ. ನಮ್ಮ ಮೈದಾನಗಳ ನೆಲ ಒಣಗಿದ ಮೊರಂ ಮಣ್ಣು. ಚೆಂಡು ಕೊನೆಯ ಪುಟಿತದಲ್ಲಿ ಎತ್ತ ಹಾರುತ್ತದೆಂದು ಹೇಳಲಾಗದು. ಅಷ್ಟು ದೂರ ಓಡಿದ ಮೇಲೆ ಉಸಿರು ತೀರಿರುತ್ತದೆ, ನಿರ್ಧಾರವನ್ನು ಮಾತ್ರ ಆಗಲೇ ಮಾಡಬೇಕು. ಸಮಯ ಕಡಿಮೆಯಿದ್ದರೆ ಕಾಲು ತನ್ನಷ್ಟಕ್ಕೆ ಒದೆಯುತ್ತದೆ; ತುಸು ಹೆಚ್ಚು ಸಿಕ್ಕರೆ ಮನಸ್ಸು ನಡುವೆ ಬರುತ್ತದೆ. ಜಗತ್ತಿನ ದೊಡ್ಡ ತಂಡಗಳ ಫಾರ್ವರ್ಡುಗಳೂ ಸಿಕ್ಕ ಅವಕಾಶಗಳಲ್ಲಿ ಹೆಚ್ಚಿನವನ್ನು ಕಳೆಯುತ್ತಾರೆ. ಗಣಿತದ ವಿದ್ಯಾರ್ಥಿನಿಯಾಗಿ ಆ ಲೆಕ್ಕ ನೋಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ.

ಬಾದಾಮಿಯ ಪಂದ್ಯ ಸಮವಾದರೂ ಅಂಕಗಳ ಲೆಕ್ಕದಲ್ಲಿ ನಾವು ಫೈನಲ್ ತಲುಪಿದ್ದೇವೆ; ಅದು ಫೆಬ್ರುವರಿಯಲ್ಲಿ ಇಲ್ಲಿಯೇ, ಬಾಗಲಕೋಟೆಯಲ್ಲಿ. ಇಳಕಲ್ ತಂಡದ ಎದುರು ನಮ್ಮ ಹುನಗುಂದ. ಮೇಳದೊಂದಿಗೆ ಬರಬೇಕು.

ನಿಮ್ಮ ಸೊಸೆ
ಭುವನೇಶ್ವರಿ

*

ಕಮತಗಿ ಹತ್ರ, ಊರಿಂದ
2 ಡಿಸೆಂಬರ್ 2024

ಸೊಸಿ ಭುವ್ವಿಗೆ ಹಣಮಪ್ಪ ಮಾಮಾನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಭಾಳ ದೊಡ್ಡ ಭಾಷಾದಾಗ ಬರದಿ. ನಿಮ್ಮ ಅತ್ತಿ ಎರಡ ಸಲ ಓದಿ, ಈಕಿ ತಪ್ಪ ಮಾಡಿದ್ಲೋ ಭಾಷಣಾ ಮಾಡಿದ್ಲೋ ಅಂತ ಕೇಳಿದ್ಲು.

ಕಮತಗಿ ಚಾದಂಗಡಿ ಕಡೆ ಹೋಗೂದ ಬಿಟ್ಟೇನಿ. ಹ್ವಾದ ವಾರ ಒಬ್ಬಾಂವ ಕೈ ಬೀಸಿ ಕರದು, ಕಿವಿ ಹತ್ರ ಬಾಯಿ ತಂದು ಏನಂದ ಗೊತ್ತೈತೇನ? "ಲೇ ಹಣಮ್ಯಾ, ನನ್ನ ಎಮ್ಮಿ ಗಬ್ಬ ಐತಿ, ಕರಾ ಹುಟ್ಟಿತಂತ ಈಗ ಬಡದ ಬಿಡಲೇ" ಅಂದ. ಮಂದಿ ಚಾ ಚೆಲ್ಲೂವಂಗ ನಕ್ಕರು. ನಾನೂ ನಕ್ಕೆ. ನಕ್ಕು ಮನಿಗೆ ಬಂದು ಉಣ್ಣಲಿಲ್ಲ.

ಸುತ್ತು ಯಾಕ ನಿಂದ್ರಿಸಲಿಲ್ಲಂತ ಹುಡುಗೂರ್ನ ಮಂದಿ ಕೇಳತಾರಂತ. ಬೀರಪ್ಪನ ಹೆಸರ್ಲೆ ಎತ್ತಿದ ಸುತ್ತು ನಡುವ ನಿಂದ್ರಿಸಬಾರ್ದು, ನಮ್ಮ ಮನಿತನದಾಗ ಯಾರೂ ನಿಂದ್ರಿಸಿಲ್ಲ. ನಮ್ಮವ್ವ ಹೋದ ಸುದ್ದಿ ಗುಡಿಗೆ ಬಂದಾಗ ನಮ್ಮಪ್ಪನ ಕೈಯಾಗ ಕೋಲಿತ್ತು. ಸುತ್ತು ಮುಗಿಸಿ, ಕೋಲು ಕೆಳಗಿಟ್ಟು, ಆಮ್ಯಾಲ ಮನಿಗೆ ಬಂದು ಅತ್ತ. ನಿನ್ನ ಒಂದ ಗೋಲು ತಪ್ಪಿತಂತ ನಾ ಹ್ಯಾಂಗ ನಿಂದ್ರಿಸಲಿ.

ಇನ್ನ ನಿನ್ನ ಕಾರಣ. ನೆಲ ಅಂದಿ, ಉಸಿರಂದಿ, ಕೀಪರಂದಿ, ದೊಡ್ಡ ದೊಡ್ಡ ತಂಡದ ಲೆಕ್ಕಾನೂ ಹೇಳಿದಿ. ಹಿಂಡಿನ್ಯಾಗ ಒಂದ ಕುರಿ ಸತ್ರ ಕಾರಣ ಒಂದ ಇರತೈತಿ, ತ್ವಾಳ ಇಲ್ಲಾ ಬ್ಯಾನಿ. ಐದಾರ ಕಾರಣ ಹೇಳಾಂವ ಅವತ್ತ ಕಾಯಾಕ ಹೋಗಿಲ್ಲಂತ ತಿಳಕೊಳ್ಳೂದು. ಮೇಳದ ಹುಡುಗೂರು ಇನ್ನ ಬರೂದಿಲ್ಲ ಅನ್ನಾಕತ್ತಾರ. ಆಕಿ ಓದಾಕ ಶಾಣ್ಯಾಕಿ, ಓದ್ಲಿ, ನಮಗ್ಯಾಕ ಮಂದ್ಯಾಗ ಈ ನಗಿಪಾಟ್ಲು ಅಂತಾರ. ಅವರಿಗೆ ನಾ ಒಂದ ಮಾತ ಹೇಳಬೇಕು, ಐದಾರಲ್ಲ.

ಪರೀಕ್ಷಾದಾಗ ಪೈಲಾ ನಂಬರ ಬರಾಕಿ ನೀ. ಎದುರಿಗೆ ಇದ್ದಾಕಿ ಒಬ್ಬಾಕಿ. ಖರೆ ಹೇಳು, ಯಾಕ ತಪ್ಪಿತು?

ನಿನ್ನ ಮಾಮಾ
ಹಣಮಪ್ಪ

*

ಬಾಗಲಕೋಟೆ
20 ಡಿಸೆಂಬರ್ 2024

ಮಾಮಾ,

ಒಂದೇ ಕಾರಣ ಬೇಕೆಂದಿರಿ. ಕಾಯಲು ಹೋಗದವಳೆಂದಿರಿ. ಹುಡುಗರ ಮಾತನ್ನು ಬರೆದಿರಿ, ಅದಕ್ಕೆ ನೀವು ಕೊಟ್ಟ ಉತ್ತರವನ್ನು ಬರೆಯಲಿಲ್ಲ. ಉತ್ತರ ಕೊಟ್ಟಿರಲಿಕ್ಕಿಲ್ಲವೆಂದು ನನಗೆ ಅರ್ಥವಾಯಿತು. ಉತ್ತರ ಗೊತ್ತಿದ್ದೂ ಪ್ರಶ್ನೆಯನ್ನು ಖಾಲಿ ಬಿಟ್ಟು ಬರುವ ಅಭ್ಯಾಸ ನನಗಿಲ್ಲ. ಆದ್ದರಿಂದ ಕೇಳಿ.

ಬಾದಾಮಿಯ ಮೈದಾನದ ಆಚೆ ಕೆಂಪು ಬಂಡೆಯ ಗೋಡೆಯಿದೆ. ನಿಮ್ಮ ಡೊಳ್ಳುಗಳು ಎದ್ದಾಗ ಆ ಸದ್ದು ಮೊದಲು ನನ್ನ ಬೆನ್ನಿಗೆ ಬಂತು, ಮರುಕ್ಷಣ ಬಂಡೆಗೆ ಬಡಿದು ಎದುರಿನಿಂದಲೂ ಬಂತು. ಆಗ ನನ್ನ ಬಲಗಾಲು ಇನ್ನೂ ಹಿಂದಕ್ಕೆ ಎತ್ತಿದಂತೆಯೇ ಇತ್ತು. ಆ ಸುತ್ತಿನ ಅರ್ಥ ನನಗೆ ಬಾಲ್ಯದಿಂದ ಒಂದೇ. ಸಾಲೆಯ ಮೈದಾನದಲ್ಲಿ ಮೊದಲ ಗೋಲು ಹೊಡೆದ ದಿನ ನೀವು ಹೊಲದಿಂದ ಓಡಿ ಬಂದು ಬಡಿದದ್ದು ಅದನ್ನೇ. ಅದು ಕೇಳಿತೆಂದರೆ ಗೋಲಾಗಿದೆ. ನನ್ನ ಕಾಲು ಅದನ್ನು ನಂಬಿತು. ಮುಗಿದ ಕೆಲಸವನ್ನು ಮಾಡುವವಳಂತೆ ಒದ್ದೆ. ಒದೆತದಲ್ಲಿ ಬಲವೂ ಇರಲಿಲ್ಲ, ಗುರಿಯೂ ಇರಲಿಲ್ಲ.

ನೀವು ಕೇಳಿದ ಒಂದು ಕಾರಣ ಇದು. ನಿಮ್ಮ ಡೊಳ್ಳು ನನಗಿಂತ ಮೊದಲು ಗೋಲು ಹೊಡೆಯಿತು.

ಆಪಾದನೆಯೆಂದು ಓದಬೇಡಿ. ಹುಡುಗರಿಗೆ ಹೇಳಲು ಒಂದು ಮಾತು ಬೇಕೆಂದಿರಲ್ಲ, ಬೇಕಾದರೆ ಇದನ್ನು ಹೇಳಿ.

ಭುವನೇಶ್ವರಿ

*

ಬಾಗಲಕೋಟೆ
11 ಜನವರಿ 2025

ಮಾಮಾ ಅವರಿಗೆ,

ಸಂಕ್ರಾಂತಿಗೆ ಬರಲಾಗುವುದಿಲ್ಲ. ದಿನಾಲೂ ಅಭ್ಯಾಸವಿದೆ, ಕಾಲೇಜಿನ ಪರೀಕ್ಷೆಯೂ ಹತ್ತಿರವಿದೆ. ನನ್ನ ಹಿಂದಿನ ಪತ್ರ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಅವ್ವನನ್ನು ಕೇಳಿದರೆ, "ನಮ್ಮ ಅಣ್ಣ ಚಲೋ ಅದಾನ, ಸುಮ್ಮ ಅದಾನ" ಎಂದಷ್ಟೇ ಹೇಳುತ್ತಾಳೆ. ಆ ಎರಡು ಮಾತು ಒಂದೇ ಉಸಿರಿನಲ್ಲಿ ಬಂದದ್ದು ನನಗೆ ಸರಿ ಕಾಣಲಿಲ್ಲ.

ಒಂದು ಸಾಲು ಬರೆಯಿರಿ.

ಭುವನೇಶ್ವರಿ

*

(ಕಾರ್ಡು)

23 ಜನವರಿ 2025

ಭುವ್ವಿ,

ಡೊಳ್ಳು ಬೀರಪ್ಪನ ಗುಡಿಗೆ ಒಪ್ಪಿಸಿದೆ. ಫೈನಲಿಗೆ ನಾ ಒಬ್ಬಾಂವ ಬರತೇನಿ. ಗದ್ದಲ ಇರೂದಿಲ್ಲ. ನೀ ಆಡು.

ಹಣಮಪ್ಪ

*

ಬಾಗಲಕೋಟೆ
11 ಫೆಬ್ರುವರಿ 2025

ಮಾಮಾ,

ಫೈನಲ್ ಮುಗಿದು ಎರಡು ದಿನವಾಯಿತು. ಮೂರು ಹಾಳೆ ಬರೆದು ಹರಿದಿದ್ದೇನೆ. ಒಂದರಲ್ಲಿ ವ್ಯಾಕರಣ ಸರಿಯಿತ್ತು, ನಿಜವಿರಲಿಲ್ಲ.

ನಿಮ್ಮ ಕಂಬಳಿ ನನಗೆ ಕಂಡಿತ್ತು. ಇಳಕಲ್ಲಿನವರ ಗೋಲಿನ ಪಕ್ಕದಲ್ಲಿ, ಗೆರೆಯ ಹೊರಗೆ, ಎರಡೂ ಕೈಗಳನ್ನು ಕಂಬಳಿಯೊಳಗೆ ಹುದುಗಿಸಿ ನಿಂತಿದ್ದಿರಿ. ಬಿಸಿಲಿತ್ತು. ಕೈ ಹೊರಗಿದ್ದರೆ ಎಲ್ಲಿ ಏಳುತ್ತವೋ ಎಂದು ಹಾಗೆ ನಿಂತಿರಿ, ಅಲ್ಲವೆ?

ಅವರದು ಒಂದು ಗೋಲಾಗಿತ್ತು. ನಮ್ಮದು ಸಮವಾಗಲು ಒಂದೇ ಸಾಕಿತ್ತು, ಅದು ಬಂತು. ದೌಲತಬಿ ಕೊಟ್ಟ ಚೆಂಡು, ಕೊನೆಯ ಡಿಫೆಂಡರ್ ಹಿಂದೆ ಉಳಿದಳು, ಎದುರಿಗೆ ಕೀಪರ್ ಒಬ್ಬಳೇ. ದೇವರು ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೊಟ್ಟಂತೆ. ಸುತ್ತ ಒಂದು ಸದ್ದಿಲ್ಲ. ಚೆಂಡು ಮೊರಂ ಮೇಲೆ ಉರುಳುವ ಸಪ್ಪಳ ನನಗೆ ಕೇಳಿತು. ಅದು ಎತ್ತೆತ್ತಲೋ ಪುಟಿಯಲಿಲ್ಲ. ಉಸಿರು ಇತ್ತು. ಕಾಲು ಹಿಂದಕ್ಕೆ ಹೋಯಿತು, ಯಾವ ಅಡ್ಡಿಯೂ ಇಲ್ಲದೆ ಮುಂದೆ ಬಂತು. ಚೆಂಡು ಬಾದಾಮಿಯಲ್ಲಿ ಹೋದ ಕಡೆಗೇ ಹೋಯಿತು, ಕಂಬದ ಹೊರಗೆ.

ನಮ್ಮ ಕಡೆಯವರೇ ಕೂಗಿದರು. "ಲೆಕ್ಕದಾಗ ಶಾಣ್ಯಾಕಿ, ಟೇಪ್ ಹಿಡದು ಕಂಬ ಎಲ್ಲೈತಿ ಅಳದ ಬಾರವಾ" ಎಂದು ಒಬ್ಬರು. ನೀರಿನ ಬಾಟಲಿಯೊಂದು ನನ್ನ ಹಿಂದೆ ಬಿತ್ತು. ದೌಲತಬಿ ಅದನ್ನು ಎತ್ತಿ, ಮುಚ್ಚಳ ತೆಗೆದು, ಒಂದು ಗುಟುಕು ಕುಡಿದು ನನಗೆ ಕೊಟ್ಟಳು. "ಇನ್ನೊಂದ ಪಾಸ್ ಕೊಡ್ತೇನಿ, ಅದನ್ನೂ ತಪ್ಪಿಸು. ನಾ ಕೊಡೂದೇನ ಬಿಡೂದಿಲ್ಲ," ಎಂದಳು. ಅಷ್ಟರಲ್ಲಿ ಸೀಟಿ ಊದಿತು. ನಾವು ಸೋತೆವು.

ಡೊಳ್ಳಿರಲಿಲ್ಲ. ಬಂಡೆಯೂ ಇರಲಿಲ್ಲ. ಆದರೂ ತಪ್ಪಿತು. ನಾನು ನಿಮಗೆ ಅಷ್ಟು ಖಚಿತವಾಗಿ ಬರೆದು ಕಳುಹಿಸಿದ ಕಾರಣ ಕಾರಣವೇ ಆಗಿರಲಿಲ್ಲ. ಕಾರಣವೆಂಬುದು ಒಂದಿತ್ತೋ ಇಲ್ಲವೋ ಈಗ ನನಗೆ ಗೊತ್ತಿಲ್ಲ. ಕಾಲು ಎಷ್ಟೋ ಸಲ ತಪ್ಪುತ್ತದೆ, ಒಮ್ಮೊಮ್ಮೆ ತಪ್ಪುವುದಿಲ್ಲ, ಅಷ್ಟೇ ಇರಬಹುದು. ಇದನ್ನು ಒಪ್ಪಿಕೊಳ್ಳುವುದಕ್ಕಿಂತ ನಿಮ್ಮ ಮೇಲೆ ಹೊರಿಸುವುದು ನನಗೆ ಸುಲಭವಾಯಿತು.

ಡೊಳ್ಳನ್ನು ಗುಡಿಯಿಂದ ವಾಪಸು ತನ್ನಿ. ನಾನು ಗೋಲು ಹೊಡೆಯಲಿ ಬಿಡಲಿ, ಮೊದಲೇ ಬಡಿಯಿರಿ, ತಡವಾಗಿ ಬಡಿಯಿರಿ, ನಾನು ತಪ್ಪಿಸಿದ ಮೇಲೆಯೂ ಬಡಿಯಿರಿ. ಇದೊಂದನ್ನು ಮಾಡಿ.

ಭುವ್ವಿ

*

ಊರಿಂದ
27 ಫೆಬ್ರುವರಿ 2025

ಸೊಸಿ ಭುವ್ವಿಗೆ.

ಗುಡಿಗೆ ಕೊಟ್ಟಿದ್ದನ್ನ ತಿರಗಿ ತರಾಕ ಬರೂದಿಲ್ಲ. ಒಪ್ಪಿಸಿದಾಂವನ ಕೈ ಅದನ್ನ ಮತ್ತ ಮುಟ್ಟಬಾರ್ದು. ಇನ್ನೊಂದ ಮಾಡಿಸಿ ಬಡಿಯೂದೂ ನಮ್ಮಲ್ಲಿ ಇಲ್ಲ. ಒಮ್ಮೆ ಒಪ್ಪಿಸಿದನಂದ್ರ ಆ ಕೈಯ ಕೆಲಸ ಮುಗೀತು. ಒಪ್ಪಿಸಿದ ಮ್ಯಾಲ ನಿನ್ನ ಪತ್ರ ಯಾವಾಗ ಬಂದ್ರೂ ಅಷ್ಟ. ಆ ಮಾತ ಬಿಡು.

ಫೈನಲಿಗೆ ನಿಂತಾಗ ಒಂದ ಹೊಳೀತು. ಮೂವತ್ತ ಮೂವತ್ತೈದ ವರ್ಷ ಬಡದೇನಿ. ಎಷ್ಟ ಸಲ ಏಟು ತಪ್ಪೇತೋ ನನಗ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಉಳದಾರ ಡೊಳ್ಳಿನ್ಯಾಗ ನನ್ನ ತಪ್ಪು ಮುಚ್ಚಿ ಹೋಗತಿತ್ತು. ನಿಂದು ಹಂಗಲ್ಲ. ಹಿಂದ ಹತ್ತ ಮಂದಿ ಮಾಡಿದ್ದೆಲ್ಲಾ ಕಡೀಕ ನಿನ್ನ ಒಂದ ಕಾಲಿಗೆ ಬಂದು ನಿಂದರತೈತಿ. ಅದ ತಪ್ಪಿತಂದ್ರ ಮುಚ್ಚಾಕ ಯಾರೂ ಇಲ್ಲ. ಹುಡುಗೂರಿಗೆ ಈ ಮಾತ ಹೇಳಿದೆ. ಬಾದಾಮಿಯಿಂದ ಬಂದ ದಿನಾನ ಹೇಳಬೇಕಿತ್ತು. ಅವರು ಹೂಂ ಅಂದರು, ಬರತೇವಿ ಅನ್ನಲಿಲ್ಲ.

ಹೊಟ್ಟಿ ತುಂಬ ಉಣ್ಣು.

ಹಣಮಪ್ಪ

ಭುವ್ವಿ, ನಾ ಅತ್ತಿ. ಪತ್ರ ಡಬ್ಬಿಗೆ ಹಾಕಾಕ ನನ್ನ ಕೈಯಾಗ ಕೊಟ್ಟಾರ, ಅದಕ್ಕ ಕೆಳಗ ಬರ್ಯಾಕತ್ತೇನಿ. ನಿನ್ನ ಮ್ಯಾಲ ಸಿಟ್ಟಿಲ್ಲ ಅವರಿಗೆ. ಆದ್ರ ನಿನಗ ಗೊತ್ತಿರಬೇಕು. ಒಂದೆರಡ ವರ್ಷದಿಂದ ಅವರಿಗೆ ನನ್ನ ದನಿ ಕೇಳೂದಿಲ್ಲ, ಕುರಿ ಒದರೂದು ಕೇಳೂದಿಲ್ಲ. ತುಟಿ ನೋಡಿ ತಿಳಕೊಂತಾರ, ಇಲ್ಲಾ ಕಿವ್ಯಾಗ ಒದರಬೇಕು. ಡೊಳ್ಳೊಂದ ಕೇಳತಿತ್ತು. ಎದಿಯಾಗ ಕೇಳತೈತಿ ಅಂತಿದ್ರು. ಈಗ ಅದೂ ಇಲ್ಲ. ಮುಂಜಾನೆ ಎದ್ದು ಕಟ್ಟಿ ಮ್ಯಾಲ ಕುಂತು ತಮ್ಮ ಎದಿ ಮ್ಯಾಲ ತಾವ ಬಡಕೊಂಡು ನೋಡತಾರ. ನಾ ನೋಡಿದ್ದು ಅವರಿಗೆ ಗೊತ್ತಿಲ್ಲ.

*

ಬಾಗಲಕೋಟೆ
9 ಮಾರ್ಚ್ 2025

ಅತ್ತಿ ಅವರಿಗೆ,

ನಿಮ್ಮ ಸಾಲುಗಳನ್ನು ಓದಿದೆ. ಪರೀಕ್ಷೆಯಲ್ಲಿ ಈ ಸಲವೂ ಮೊದಲ ಸ್ಥಾನ ಬಂತೆಂದು ಇವತ್ತು ಹೇಳಿದರು. ಮಾಮಾನಿಗೆ ತಿಳಿಸುವುದು ಬೇಡ.

ಏಪ್ರಿಲಿನಲ್ಲಿ ಹುನಗುಂದದಲ್ಲಿ ಬಾಗಲಕೋಟೆಯವರ ಮೇಲೆ ಒಂದು ಪಂದ್ಯವಿದೆ. ಅದೇ ಕೊನೆಯದು. ಮುಂದಿನ ವರ್ಷ ತಂಡವಿರುವುದಿಲ್ಲ, ನೋಡಲು ಜನವೇ ಬರದ ತಂಡವನ್ನು ನಡೆಸುವವರಿಲ್ಲ. ಅವರು ಬಂದರೆ ಬರಲಿ. ಕರೆಯುವ ಧೈರ್ಯ ನನಗಿಲ್ಲ.

ಭುವ್ವಿ

*

ಊರಿಂದ
16 ಏಪ್ರಿಲ್ 2025

ಭುವ್ವಿ,

ಹುನಗುಂದಕ್ಕ ಬಂದಿದ್ದೆ, ನೀ ನೋಡೀಯಲಾ. ಒಂದ ಕೇಳತೇನಿ. ಗೋಲು ಆದ ಮ್ಯಾಲ ನೀ ಯಾಕ ನನ್ನ ಎದುರಿಗೆ ಬಂದು ಹಂಗ ನಿಂತಿ? ಕಣ್ಣ ತೆಗದು ನೋಡಿದ್ರ ರೆಫರಿ ನಿನಗ ಹಳದಿ ಚೀಟಿ ತೋರಿಸಾಕತ್ತಿದ್ದ. ಮಂದಿ ನಗಾಕತ್ತಿದ್ರು. ನಿನ್ನ ಗೆಳತಿ ನಿನ್ನ ರಟ್ಟಿ ಹಿಡದು ಜಗ್ಗಾಕತ್ತಿದ್ಲು. ನನ್ನಿಂದ ಮತ್ತ ಏನಾರ ತಪ್ಪಾತೇನು? ನನಗೇನೂ ಕೇಳಸಲಿಲ್ಲ.

ಹಣಮಪ್ಪ

*

ಬಾಗಲಕೋಟೆ
24 ಏಪ್ರಿಲ್ 2025

ಮಾಮಾ,

ನಿಮ್ಮಿಂದ ಏನೂ ತಪ್ಪಾಗಲಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಅವರದು ಮೂರು ಗೋಲು, ನಮ್ಮದು ಒಂದೂ ಇಲ್ಲ. ಅಷ್ಟರಲ್ಲಿ ನಾನು ಎರಡು ಅವಕಾಶ ಕಳೆದಿದ್ದೆ. ಎರಡನ್ನೂ ದೌಲತಬಿಯೇ ಕೊಟ್ಟಿದ್ದಳು, ಮೂರನೆಯದನ್ನೂ ಕೊಟ್ಟಳು. ನಾನು ಒದೆಯಲು ಹೋಗಿ ಎಡವಿದೆ. ಚೆಂಡು ನನ್ನ ಮೊಣಕಾಲಿಗೆ ತಾಗಿ, ಕೀಪರ್ ಕೈಯಡಿ ನುಸುಳಿ, ನಿಧಾನವಾಗಿ ಗೆರೆ ದಾಟಿತು. ನನ್ನ ಓದು, ನನ್ನ ಅಭ್ಯಾಸ, ನನ್ನ ಹಟ, ಯಾವುದೂ ಅದರಲ್ಲಿರಲಿಲ್ಲ. ಚೆನ್ನಾಗಿ ಒದ್ದವು ಹೊರಗೆ ಹೋದವು, ಎಡವಿದ್ದು ಒಳಗೆ ಹೋಯಿತು. ಮೈದಾನದಲ್ಲಿದ್ದ ಹತ್ತಿಪ್ಪತ್ತು ಜನರಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.

ನೆಲದಿಂದ ಎದ್ದು ರೂಢಿಯಂತೆ ನಿಮ್ಮ ಕಡೆ ನೋಡಿದೆ. ನೀವು ಕಣ್ಣು ಮುಚ್ಚಿದ್ದಿರಿ. ಕಂಬಳಿ ಹೆಗಲಿನಿಂದ ಜಾರಿ ಕಾಲಬಳಿ ಬಿದ್ದಿತ್ತು. ನಿಮ್ಮ ಎರಡೂ ಕೈಗಳು ಬರಿಯ ಗಾಳಿಯನ್ನು ಬಡಿಯುತ್ತಿದ್ದವು. ಎಡಗೈಯ ಸಣ್ಣ ಏಟು, ಬಲಗೈಯ ದೊಡ್ಡ ಏಟು, ನಡುವಿನ ತಡೆ, ಎಲ್ಲವೂ ಇತ್ತು. ಸದ್ದು ಮಾತ್ರ ಇರಲಿಲ್ಲ. ನಿಮಗೆ ಗೊತ್ತಿರಲಿಲ್ಲವೆಂದು ತೋರುತ್ತದೆ. ಗೊತ್ತಿದ್ದರೆ ಕೈಗಳನ್ನು ಮತ್ತೆ ಕಂಬಳಿಯೊಳಗೆ ಹುದುಗಿಸುತ್ತಿದ್ದಿರಿ.

ನಾನು ಓಡಿ ಬಂದೆ. ನಿಮ್ಮನ್ನು ಮುಟ್ಟಿ ಎಚ್ಚರಿಸಬೇಕೆಂದು ಕೈ ಚಾಚಿದೆ, ಮುಟ್ಟಲಿಲ್ಲ. ಹಿಂದೆ ಜನ ನಗುವುದು ಕೇಳಿತು. ಆಟ ಮತ್ತೆ ಶುರುವಾಗಬೇಕೆಂದು ರೆಫರಿ ಸೀಟಿ ಊದಿದ, ಇನ್ನೊಮ್ಮೆ ಊದಿದ. ದೌಲತಬಿ, "ಬಾರೇ ಭುವ್ವಿ, ಚೀಟಿ ಕೊಡ್ತಾನ ಅಂವ," ಎಂದು ರಟ್ಟೆ ಹಿಡಿದು ಎಳೆದಳು.

ಸುತ್ತು ಇನ್ನೂ ಅರ್ಧ ಉಳಿದಿತ್ತು, ಮಾಮಾ. ಅದನ್ನು ನಡುವೆ ನಿಲ್ಲಿಸಬಾರದು. ಮುಗಿಯುವವರೆಗೆ ನಿಂತೆ.

ನಿಮ್ಮ ಸೊಸಿ
ಭುವ್ವಿ